ಮರ್ಸರ್ ಕೌಂಟಿಯ ಹಳೆಯ ಮನೆಗಳು, ಜಮೀನುಗಳು: ಹಲಗೆ ಕಿತ್ತಾಗ ಕಂಡದ್ದು

ಸಾಲ್ಟ್‌ನದಿ ದಂಡೆ ಬರೆದಿದ್ದಾರೆ

ಎಲ್ಲರಿಗೂ ನಮಸ್ಕಾರ. ಕೆಂಟಕಿಯ ಮರ್ಸರ್ ಕೌಂಟಿಯಲ್ಲಿ, ಹ್ಯಾರಡ್ಸ್‌ಬರ್ಗ್ ಪಟ್ಟಣದಿಂದ ಏಳೆಂಟು ಮೈಲಿ ಆಚೆ, ಎರಡು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಹನ್ನೊಂದು ಎಕರೆ ಜಮೀನನ್ನು ಅದರಲ್ಲಿದ್ದ ಹಳೆಯ ಮನೆಯ ಸಮೇತ ಕೊಂಡೆವು. ವೃತ್ತಿಯಿಂದ ನಾನು ವಾಹನ ಬಿಡಿಭಾಗಗಳ ಎಂಜಿನಿಯರ್. ಕಟ್ಟಡಗಳ ವಿಷಯ ನನಗೆ ತಿಳಿಯದು. ತಿಳಿದವರು ಈ ವೇದಿಕೆಯಲ್ಲಿ ಇದ್ದಾರೆಂಬ ಧೈರ್ಯದಿಂದ ಕೇಳುತ್ತಿದ್ದೇನೆ.

ಕೌಂಟಿಯ ಪರಿಚಯವಿಲ್ಲದವರಿಗೆ ಎರಡು ಮಾತು. 1774ರಲ್ಲಿ ಜೇಮ್ಸ್ ಹ್ಯಾರಡ್ ತನ್ನ ಜೊತೆಗಾರರೊಂದಿಗೆ ಬಂದು ನೆಲೆಯೂರಿದ ಜಾಗವೇ ಇಂದಿನ ಹ್ಯಾರಡ್ಸ್‌ಬರ್ಗ್. ಕೆಂಟಕಿಯಲ್ಲಿ ವಲಸೆಗಾರರು ಊರಿದ ಮೊದಲ ಕಾಯಂ ನೆಲೆಯೆಂದು ಅದನ್ನು ಎಣಿಸುತ್ತಾರೆ. ಕೆಂಟಕಿ ಇನ್ನೂ ವರ್ಜೀನಿಯಾದ ಭಾಗವಾಗಿದ್ದ 1785ರಲ್ಲಿ ಲಿಂಕನ್ ಕೌಂಟಿಯನ್ನು ಒಡೆದು, ಪ್ರಿನ್ಸ್‌ಟನ್ ಕದನದಲ್ಲಿ ಗಾಯಗೊಂಡು ಮಡಿದ ಜನರಲ್ ಹ್ಯೂ ಮರ್ಸರ್ ಹೆಸರಿನಲ್ಲಿ ಈ ಕೌಂಟಿಯನ್ನು ಮಾಡಿದರು. ಪೂರ್ವದಂಚಿಗೆ ಕೆಂಟಕಿ ನದಿಯ ಕಡಿದಾದ ಸುಣ್ಣಗಲ್ಲಿನ ಬಂಡೆಗಳು, ನಡುವೆ ಸಾಲ್ಟ್ ನದಿ, ಮಿಕ್ಕಂತೆ ಏರುತಗ್ಗಿನ ಹುಲ್ಲುಗಾವಲು.

ಕೊಳ್ಳುವಾಗ ತೋರಿಸಿದ ತೆರಿಗೆ ಕಾಗದದಲ್ಲಿ ಮನೆ ಕಟ್ಟಿದ ವರ್ಷ 1890 ಎಂದಿತ್ತು. ನೋಡುವುದಕ್ಕೂ ಹಾಗೆಯೇ ಇತ್ತು: ಎರಡು ಅಂತಸ್ತು, ಒಂದೇ ಕೋಣೆಯಷ್ಟು ಆಳ, ನಡುವೆ ಬಾಗಿಲು, ಎರಡೂ ತುದಿಗೆ ಒಂದೊಂದು ಇಟ್ಟಿಗೆಯ ಚಿಮಣಿ, ಹಿಂದಕ್ಕೆ ಚಾಚಿದ ಅಡುಗೆಮನೆ, ಹೊರಗೆಲ್ಲ ಬಿಳಿ ಬಣ್ಣದ ಅಡ್ಡಹಲಗೆ. ಆದರೆ ಪಶ್ಚಿಮದ ಕೋಣೆಯ ಕಿಟಕಿ ಮಾತ್ರ ನಮ್ಮ ಬೆಕ್ಕು ಮೈಚಾಚಿ ಮಲಗುವಷ್ಟು ಆಳವಾಗಿರುವುದೇಕೆ ಎಂದು ನನ್ನ ಪತ್ನಿ ಮೊದಲ ದಿನವೇ ಕೇಳಿದ್ದರು. ಕಳೆದ ತಿಂಗಳು ಆ ಗೋಡೆಯ ಹೊರಗೆ ಗೆದ್ದಲು ಹಿಡಿದಿದ್ದ ನಾಲ್ಕು ಹಲಗೆಗಳನ್ನು ಕಿತ್ತಾಗ ಉತ್ತರ ಸಿಕ್ಕಿತು. ಒಳಗಿರುವುದು ಕೊಡಲಿಯಿಂದ ಎರಡು ಮಗ್ಗುಲು ಕೆತ್ತಿದ ದಪ್ಪ ದಿಮ್ಮಿಗಳು. ಅವುಗಳ ನಡುವಣ ಸಂದಿಯಲ್ಲಿ ಚಪ್ಪಟೆ ಕಲ್ಲಿನ ಚೂರುಗಳನ್ನು ಓರೆಯಾಗಿ ಜೋಡಿಸಿ ಮಣ್ಣು ಮೆತ್ತಿದ್ದಾರೆ. ಆ ಮಣ್ಣಿನಲ್ಲಿ ಪ್ರಾಣಿಯ ಕೂದಲಿದೆ, ಒಂದು ಕಡೆ ಯಾರದೋ ಮೂರು ಬೆರಳು ಎಳೆದ ಗುರುತು ಹಾಗೆಯೇ ಒಣಗಿ ನಿಂತಿದೆ.

ನನ್ನ ಪ್ರಶ್ನೆಗಳು ಮೂರು. ಮನೆಯ ನಿಜವಾದ ವಯಸ್ಸನ್ನು ತಿಳಿಯುವುದು ಹೇಗೆ? ಹೋದ ವರ್ಷ ಒಬ್ಬ ಗುತ್ತಿಗೆದಾರರಿಂದ ಪೂರ್ವದ ಚಿಮಣಿಯ ಸಂದಿಗಳಿಗೆ ಸಿಮೆಂಟ್ ತುಂಬಿಸಿದೆವು. ಈ ಚಳಿಗಾಲ ಕಳೆಯುವಷ್ಟರಲ್ಲಿ ಇಟ್ಟಿಗೆಗಳ ಮುಖವೇ ಚಕ್ಕೆಯಾಗಿ ಉದುರುತ್ತಿದೆ, ಏನು ಮಾಡಬೇಕು? ಮೂರನೆಯದು, ಜಮೀನಿನ ಕೆಳತುದಿಯಲ್ಲಿ ಹೊಗೆಸೊಪ್ಪು ಒಣಗಿಸುವ, ಕಪ್ಪು ಬಣ್ಣದ ದೊಡ್ಡ ಬ್ಯಾರನ್ ಒಂದಿದೆ, ಪೂರ್ವಕ್ಕೆ ವಾಲಿದೆ. ವಿಮೆಯವರು ಅದನ್ನು ಕೆಡವಿದರೆ ಒಳ್ಳೆಯದೆನ್ನುತ್ತಾರೆ. ಕೆಡವಬಹುದೇ? ಮನೆಯ ಹಿಂದೆ ಕಲ್ಲಿನ ಚಿಕ್ಕ ಕಟ್ಟಡವೂ ಇದೆ, ಮಾಂಸಕ್ಕೆ ಹೊಗೆ ಕೊಡುತ್ತಿದ್ದ ಕೋಣೆ ಎಂದರು. ಅದು ಗಟ್ಟಿಯಾಗಿದೆ, ಹುಲ್ಲು ಕತ್ತರಿಸುವ ಯಂತ್ರವನ್ನು ಅಲ್ಲಿಟ್ಟಿದ್ದೇವೆ, ಅದರ ಬಗ್ಗೆ ಚಿಂತೆಯಿಲ್ಲ.

ಗಾರೆ ಮತ್ತು ಕಲ್ಲು ಬರೆದಿದ್ದಾರೆ

ನಿಮ್ಮ ಬೆಕ್ಕು ಮಲಗುವ ಕಿಟಕಿಯೇ ಮೊದಲ ಸಾಕ್ಷಿ, ಸರ್. ಕೆಂಟಕಿಯ ನಡುಭಾಗದ ಈ ಬ್ಲೂಗ್ರಾಸ್ ಸೀಮೆಯಲ್ಲಿ ಹಳೆಯ ಮನೆಗಳನ್ನು ನೋಡಲು ಹೋದಾಗ ನಾವು ಮೊದಲು ಅಳೆಯುವುದು ಕಿಟಕಿ ಬಾಗಿಲುಗಳ ಆಳವನ್ನೇ. ಅಡ್ಡಹಲಗೆಯ ಸಾಧಾರಣ ಚೌಕಟ್ಟಿನ ಗೋಡೆ ಆರು ಅಂಗುಲ ಮೀರುವುದು ಅಪರೂಪ; ಹತ್ತು ಹನ್ನೆರಡು ಅಂಗುಲವಿದ್ದರೆ ಒಳಗೆ ದಿಮ್ಮಿಯೋ ಇಟ್ಟಿಗೆಯೋ ಇದೆಯೆಂದು ಅರ್ಥ. ದಿಮ್ಮಿಯ ಮನೆ ಬಡತನದ ಗುರುತು ಎಂಬ ಭಾವನೆ ಆ ಕಾಲಕ್ಕೇ ಇತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡಿದೊಡನೆ ಹೊರಗೆ ಹಲಗೆ, ಒಳಗೆ ಗಿಲಾವು ಹೊದಿಸಿಬಿಡುತ್ತಿದ್ದರು. ಆ ನಾಚಿಕೆಯಿಂದಾಗಿಯೇ ದಿಮ್ಮಿಗಳು ಮಳೆಬಿಸಿಲು ಕಾಣದೆ ಇಷ್ಟು ಕಾಲ ಉಳಿದಿವೆ.

ವಯಸ್ಸಿನ ವಿಷಯ. ಕಿತ್ತ ಹಲಗೆಗಳ ಮೊಳೆಗಳನ್ನು ಎಸೆಯಬೇಡಿ. ಕಮ್ಮಾರನು ಕುಲುಮೆಯಲ್ಲಿ ಬಡಿದ ಮೊಳೆಗೆ ನಾಲ್ಕು ಮಗ್ಗುಲೂ ಚೂಪಾಗುತ್ತ ಹೋಗುತ್ತವೆ, ತಲೆಯ ಮೇಲೆ ಸುತ್ತಿಗೆಯ ಏಟುಗಳು ಕಾಣುತ್ತವೆ. ಕಬ್ಬಿಣದ ತಗಡಿನಿಂದ ಯಂತ್ರ ಕತ್ತರಿಸಿದ ಮೊಳೆ ಎರಡು ಮಗ್ಗುಲಲ್ಲಿ ಮಾತ್ರ ಕಿರಿದಾಗುತ್ತದೆ. ಅದು ಹತ್ತೊಂಬತ್ತನೆಯ ಶತಮಾನದ ಬಹುಭಾಗದ ಮೊಳೆ. ಇಂದಿನ ದುಂಡು ತಂತಿ ಮೊಳೆ ಸಾಮಾನ್ಯವಾದದ್ದು 1890ರ ದಶಕದಿಂದ ಈಚೆಗೆ. ಹಲಗೆಯ ಹಿಂಬದಿಯ ಗರಗಸದ ಗೆರೆಗಳನ್ನೂ ನೋಡಿ: ನೇರವಾದ ಗೆರೆಗಳಿದ್ದರೆ ಮೇಲೆಕೆಳಗೆ ಆಡುವ ಗರಗಸ, ಕಮಾನಿನಂತೆ ಬಾಗಿದ್ದರೆ ಚಕ್ರದ ಗರಗಸ, ಎಂದರೆ ಹೆಚ್ಚುಕಡಿಮೆ ಶತಮಾನದ ಮಧ್ಯದ ಈಚಿನದು. ತೆರಿಗೆ ಕಾಗದದ 1890 ಬಹುಶಃ ಹಲಗೆ ಹೊದಿಸಿದ ಕಾಲ. ಅಧಿಕಾರಿಯೊಬ್ಬರು ರಸ್ತೆಯಲ್ಲಿ ನಿಂತು ಅಂದಾಜಿಸಿ ಬರೆದ ವರ್ಷಗಳು ಆ ಕಾಗದಗಳಲ್ಲಿ ಬಹಳ.

ದಿಮ್ಮಿಗಳ ವಯಸ್ಸು ಖಚಿತವಾಗಿ ಬೇಕೆಂದರೆ ಮರದ ವಾರ್ಷಿಕ ಉಂಗುರಗಳನ್ನು ಎಣಿಸುವ ಪರೀಕ್ಷೆ ಮಾಡಿಸಬಹುದು. ಬೆರಳು ಗಾತ್ರದ ಕೊಳವೆಯಷ್ಟು ಮರವನ್ನು ಕೊರೆದು ತೆಗೆಯುತ್ತಾರೆ. ತೊಗಟೆಯ ಅಂಚು ಎಲ್ಲಾದರೂ ಉಳಿದಿದ್ದರೆ ಮರ ಕಡಿದ ವರ್ಷವನ್ನೇ ಹೇಳಿಬಿಡುತ್ತಾರೆ. ಮೂಲೆಗಳಲ್ಲಿ ದಿಮ್ಮಿಗಳು ಒಂದನ್ನೊಂದು ಕಚ್ಚಿಕೊಳ್ಳುವ ಕಚ್ಚಿನ ಚಿತ್ರವನ್ನೂ ಹಾಕಿ. ನನ್ನ ಊಹೆ ಇದು: ಪಶ್ಚಿಮದ ಕೋಣೆಯೊಂದೇ ಮೊದಲು ಸ್ವತಂತ್ರ ಮನೆಯಾಗಿತ್ತು. ಮುಂದಿನ ತಲೆಮಾರು ಪೂರ್ವಕ್ಕೆ ಇನ್ನೊಂದು ಕೋಣೆ, ನಡುವೆ ಹಾದಿ, ಮೇಲೆ ಅಂತಸ್ತು ಸೇರಿಸಿತು. ಈ ಕಡೆಯ ಬಹುಪಾಲು ‘ದೊಡ್ಡ’ ಮನೆಗಳು ಹಾಗೆ ಕಂತುಗಳಲ್ಲಿ ಬೆಳೆದವು.

ಮಣ್ಣಿನ ವಿಷಯ ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಹ್ಯಾರಡ್ಸ್‌ಬರ್ಗ್‌ನ ಹೊರವಲಯದ ‘ಓಲ್ಡ್ ಮಡ್ ಮೀಟಿಂಗ್ ಹೌಸ್’ ನೋಡಿರದಿದ್ದರೆ ತಪ್ಪದೆ ನೋಡಿ. ಡಚ್ ರಿಫಾರ್ಮ್ಡ್ ಪಂಥದ ವಲಸೆಗಾರರು 1800ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ ಅದು. ಭಾರಿ ಮರದ ಚೌಕಟ್ಟು ನಿಲ್ಲಿಸಿ, ನಡುವೆ ಕಡ್ಡಿಗಳನ್ನಿಟ್ಟು, ಹುಲ್ಲು ಕಲಸಿದ ಮಣ್ಣನ್ನು ತುಂಬಿದ್ದಾರೆ. ಈ ಸೀಮೆಗೆ ಬಂದವರೆಲ್ಲರೂ ವರ್ಜೀನಿಯಾದವರೇ, ಕಟ್ಟಿದ್ದೆಲ್ಲ ಬಿಳಿ ಕಂಬಗಳ ಬಂಗಲೆಯೇ ಎಂದುಕೊಂಡಿರುವವರು ಆ ಗೋಡೆಯ ಮುಂದೆ ಐದು ನಿಮಿಷ ನಿಲ್ಲಬೇಕು.

ಇನ್ನು ಚಿಮಣಿ. ನಿಮ್ಮ ಇಟ್ಟಿಗೆಯನ್ನು ಅಲ್ಲಿಯೇ ಜಮೀನಿನ ಮಣ್ಣು ಅಗೆದು, ಸೌದೆಯ ಬೆಂಕಿಯಲ್ಲಿ ಗೂಡು ಹಾಕಿ ಸುಟ್ಟಿರುತ್ತಾರೆ. ಉರಿಗೆ ದೂರವಿದ್ದ ಇಟ್ಟಿಗೆಗಳು ಮೆತ್ತಗೇ ಉಳಿದಿರುತ್ತವೆ. ಅವುಗಳ ನಡುವೆ ಇದ್ದ ಸುಣ್ಣದ ಗಾರೆ ಇಟ್ಟಿಗೆಗಿಂತ ಮೃದು. ಹೀರಿದ ನೀರು ಆ ಗಾರೆಯ ಮೂಲಕವೇ ಹೊರಗೆ ಆರುತ್ತಿತ್ತು. ಅಲ್ಲಿ ಸಿಮೆಂಟ್ ತುಂಬಿದರೆ ನೀರಿಗೆ ಇಟ್ಟಿಗೆಯ ಮುಖವಲ್ಲದೆ ಬೇರೆ ದಾರಿಯಿಲ್ಲ. ಕೆಂಟಕಿಯ ಚಳಿಗಾಲದಲ್ಲಿ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವುದು ಹತ್ತಾರು ಸಲ ನಡೆಯುವುದರಿಂದ ಒಂದೇ ವರ್ಷದಲ್ಲಿ ಮುಖ ಉದುರುತ್ತದೆ. ಸಿಮೆಂಟನ್ನು ಉಳಿ ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಬೇಕು. ತಿರುಗುವ ಯಂತ್ರ ತಂದರೆ ಇಟ್ಟಿಗೆಯ ಅಂಚು ಹೋಗುತ್ತದೆ. ಬಳಿಕ ಸುಣ್ಣ ಮತ್ತು ದಪ್ಪ ಮರಳಿನ ಗಾರೆ ತುಂಬಿ, ಒಂದು ವಾರವಾದರೂ ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಆರಲು ಬಿಡಬೇಕು. ಸೆಪ್ಟೆಂಬರ್ ದಾಟಿದ ಮೇಲೆ ಈ ಕೆಲಸಕ್ಕೆ ಕೈ ಹಾಕಬೇಡಿ. ಗುತ್ತಿಗೆದಾರರನ್ನು ಬಯ್ದು ಪ್ರಯೋಜನವಿಲ್ಲ. ಸುಣ್ಣ ಕಲಸುವುದನ್ನು ಇಲ್ಲಿ ಎರಡು ತಲೆಮಾರಿನ ಮೇಸ್ತ್ರಿಗಳಿಗೆ ಯಾರೂ ಕಲಿಸಿಯೇ ಇಲ್ಲ.

ಭಾನುವಾರದ ಪ್ರವಾಸಿ ಬರೆದಿದ್ದಾರೆ

ಮರ್ಸರ್ ಕೌಂಟಿಯಲ್ಲಿದ್ದುಕೊಂಡು ಹಳೆಯ ಜಮೀನು ಹೇಗಿತ್ತೆಂದು ಕೇಳುವುದೇಕೆ? ಪ್ಲೆಸೆಂಟ್ ಹಿಲ್‌ನ ಶೇಕರ್ ಗ್ರಾಮಕ್ಕೆ ಹೋಗಿ ಬಂದರೆ ಸಾಕು. ನಾವು ಎರಡು ಸಲ ಹೋಗಿದ್ದೇವೆ; ಮನೆ, ಕೊಟ್ಟಿಗೆ, ಕಲ್ಲಿನ ಬೇಲಿ ಎಲ್ಲವೂ ಕಟ್ಟಿದಾಗ ಇದ್ದಂತೆಯೇ ಇವೆ.

ದಾಖಲೆಕೋಣೆ ಬರೆದಿದ್ದಾರೆ

ಶೇಕರ್ ಗ್ರಾಮವನ್ನು ಎಷ್ಟು ಸಲ ನೋಡಿದರೂ ತೀರದು, ಒಪ್ಪಿದೆ. ಆದರೆ ಅದನ್ನು ನೋಡಿ ಮರ್ಸರ್ ಕೌಂಟಿಯ ಜಮೀನುಗಳು ಹೀಗಿದ್ದವು ಎಂದುಕೊಂಡರೆ ಮಠವನ್ನು ನೋಡಿ ಊರಿನ ಮನೆಗಳನ್ನು ಊಹಿಸಿದಂತಾಗುತ್ತದೆ. ಶೇಕರರು ಮದುವೆಯಾಗದ, ಸ್ವಂತ ಆಸ್ತಿಯಿಲ್ಲದ ಧಾರ್ಮಿಕ ಸಮುದಾಯ. 1805ರ ಸುಮಾರಿಗೆ ಇಲ್ಲಿ ಬೇರೂರಿ, 1820ರ ದಶಕಕ್ಕೆ ಐನೂರರ ಹತ್ತಿರ ಜನವಾಗಿ, ನಾಲ್ಕು ಸಾವಿರ ಎಕರೆಗೂ ಹೆಚ್ಚು ನೆಲವನ್ನು ಒಟ್ಟಾಗಿ ಸಾಗುವಳಿ ಮಾಡಿದವರು. ಪೊರಕೆ, ತರಕಾರಿ ಬೀಜ, ಹಣ್ಣಿನ ಜಾಮುಗಳನ್ನು ನದಿಯ ದೋಣಿಗಳಲ್ಲಿ ದೂರದ ಊರುಗಳಿಗೆ ಕಳಿಸುತ್ತಿದ್ದವರು. ಸುಣ್ಣಗಲ್ಲಿನ ದೊಡ್ಡ ವಾಸದ ಮನೆಗೆ 1824ರಲ್ಲಿ ಕೈಹಾಕಿ ಮುಗಿಸಿದ್ದು 1834ರಲ್ಲಿ. ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು ಬಾಗಿಲು, ಒಳಗೆ ಮೆಟ್ಟಿಲುಗಳೂ ಬೇರೆ ಬೇರೆ. ಮಿಕಾಜಾ ಬರ್ನೆಟ್ ಎಂಬ ಶೇಕರ್ ಬಡಗಿ 1839ರಿಂದ 1841ರ ನಡುವೆ ಕಟ್ಟಿದ ಟ್ರಸ್ಟೀಸ್ ಆಫೀಸಿನ ಜೋಡಿ ಸುರುಳಿ ಮೆಟ್ಟಿಲುಗಳ ಕೆಳಗೆ ನಿಂತು ಕತ್ತೆತ್ತಿ ನೋಡಿದಾಗ, ಆಡಂಬರವನ್ನು ತ್ಯಜಿಸಿದವರೂ ಇಷ್ಟೊಂದು ಚೆಲುವನ್ನು ತಮಗೆ ತಾವೇ ಒಪ್ಪಿಸಿಕೊಂಡದ್ದು ಹೇಗೆಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇದ್ದಂತೆಯೇ ಇದೆ ಎಂಬ ಮಾತೂ ಸರಿಯಲ್ಲ. 1910ರಲ್ಲಿ ಸಮುದಾಯ ಮುಚ್ಚಿತು, ಕೊನೆಯ ಶೇಕರ್ ಮೇರಿ ಸೆಟಲ್ಸ್ ತೀರಿಕೊಂಡದ್ದು 1923ರಲ್ಲಿ. ಆ ಬಳಿಕ ಹೆದ್ದಾರಿ ಗ್ರಾಮದ ನಟ್ಟನಡುವೆಯೇ ಹಾಯುತ್ತಿತ್ತು. 1961ರಲ್ಲಿ ಆರಂಭವಾದ ಜೀರ್ಣೋದ್ಧಾರಕ್ಕೆ ವರ್ಜೀನಿಯಾದಲ್ಲಿ ಹೀಗೆಯೇ ಜೀರ್ಣೋದ್ಧಾರಗೊಂಡ ಹಳೆಯ ಊರಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಕೆಲಸ ಮಾಡಿ ಬಂದಿದ್ದ ಜೇಮ್ಸ್ ಕೋಗರ್ ಮುಂದಾಳು. ಹೆದ್ದಾರಿಯನ್ನು ಬಳಸುದಾರಿಗೆ ತಿರುಗಿಸಿ, 1968ರಲ್ಲಿ ಗ್ರಾಮವನ್ನು ಜನರಿಗೆ ತೆರೆದರು. ನೀವು ನೋಡಿದ್ದು ಬಹಳ ಎಚ್ಚರದಿಂದ ಹಿಂದಕ್ಕೆ ತಂದ ಊರು. ಸಾಲ್ಟ್‌ನದಿ ದಂಡೆಯವರ ಮನೆಗೆ ಆ ಭಾಗ್ಯವಿಲ್ಲ, ಆದರೆ ನನ್ನಂಥವರಿಗೆ ಓದುವುದಕ್ಕೆ ಅಲ್ಲಿಯೇ ಹೆಚ್ಚು ಸಿಗುತ್ತದೆ. ಅವರಿಗೆ ಒಂದು ಪ್ರಶ್ನೆ: ಆ ಮಾಂಸದ ಕೋಣೆಗೆ ಚಿಮಣಿ ಇದೆಯೇ?

ಹುಣಸೂರಿನ ಸೊಪ್ಪು ಬರೆದಿದ್ದಾರೆ

ಬ್ಯಾರನ್ ಎಂಬ ಮಾತು ಓದಿ ಕಣ್ಣರಳಿತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹೊಗೆಸೊಪ್ಪು ಬೆಳೆದಿದ್ದೇವೆ; ಸದ್ಯ ನಾನು ಲೆಕ್ಸಿಂಗ್ಟನ್‌ನಲ್ಲಿ ಕೃಷಿ ವಿಜ್ಞಾನ ಓದುತ್ತಿದ್ದೇನೆ. ಎರಡೂ ಕಡೆಯ ಬ್ಯಾರನ್‌ಗಳ ಒಳಗೆ ನಿಂತವನಾಗಿ ಹೇಳುತ್ತೇನೆ, ಹೆಸರು ಒಂದೇ ಆದರೂ ಅವು ಎರಡು ಬೇರೆ ಯಂತ್ರಗಳು. ಹುಣಸೂರು, ಪಿರಿಯಾಪಟ್ಟಣಗಳ ಕಡೆ ಬೆಳೆಯುವುದು ವರ್ಜೀನಿಯಾ ಸೊಪ್ಪು. ಎಲೆ ಎಲೆಯಾಗಿ ಮುರಿದು, ಕಡ್ಡಿಗೆ ಕಟ್ಟಿ, ಕಿಟಕಿಯಿಲ್ಲದ ಬ್ಯಾರನ್‌ನಲ್ಲಿ ಸೌದೆಯ ಕಾವಿನ ಕೊಳವೆಗಳಿಂದ ಒಂದು ವಾರದೊಳಗೆ ಬೇಯಿಸಿಬಿಡುತ್ತೇವೆ. ಇಲ್ಲಿನದು ಬರ್ಲಿ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಗಿಡವನ್ನು ಬುಡಕ್ಕೇ ಕಡಿದು, ತುದಿಗೆ ಕಬ್ಬಿಣದ ಮೊನೆ ಸಿಕ್ಕಿಸಿದ ಕೋಲಿಗೆ ಐದಾರು ಗಿಡಗಳ ಕಾಂಡವನ್ನು ಚುಚ್ಚಿ ಪೋಣಿಸುತ್ತಾರೆ. ಆ ಕೋಲುಗಳನ್ನು ಬ್ಯಾರನ್‌ನ ಅಟ್ಟಣೆ ಕಂಬಿಗಳ ಮೇಲೆ ನೆಲದಿಂದ ಸೂರಿನವರೆಗೆ ಸಾಲು ಸಾಲಾಗಿ ತೂಗುಹಾಕಿ ಆರೇಳು ವಾರ ಗಾಳಿಗೆ ಬಿಡುತ್ತಾರೆ. ಬೆಂಕಿಯ ಮಾತೇ ಇಲ್ಲ.

ಆದ್ದರಿಂದ ನಿಮ್ಮ ಬ್ಯಾರನ್ನಿನ ಗೋಡೆಯನ್ನು ಸರಿಯಾಗಿ ನೋಡಿ. ಮೂರು ನಾಲ್ಕು ಹಲಗೆಗೆ ಒಂದರಂತೆ ತಿರುಗಣೆ ಹಾಕಿದ ಉದ್ದನೆಯ ಹಲಗೆ ಇರಬೇಕು. ಬಾಗಿಲಿನಂತೆ ತೆರೆಯುವ ಆ ಹಲಗೆಗಳನ್ನು ಒಣಹವೆಯಲ್ಲಿ ತೆರೆದು, ಮಂಜು ಮಳೆಯಲ್ಲಿ ಮುಚ್ಚುವುದೇ ಇಡೀ ವಿದ್ಯೆ. ಕಪ್ಪು ಬಣ್ಣ ಬಿಸಿಲಿನ ಕಾವನ್ನು ಹೀರಲಿಕ್ಕೆ. ಪಕ್ಕಕ್ಕೆ ಅಂಟಿಕೊಂಡ ತಗ್ಗುಮಾಡಿನ ಕೋಣೆಯೊಂದಿದ್ದರೆ ಅದು ಎಲೆ ಬಿಡಿಸುವ ಕೋಣೆ. ಚಳಿಗಾಲದ ತೇವಕ್ಕೆ ಸೊಪ್ಪು ಹದಕ್ಕೆ ಬಂದ ಮೇಲೆ ಒಲೆ ಹಾಕಿಕೊಂಡು ಇಡೀ ಮನೆಯವರು ಅಲ್ಲಿ ನಿಂತು ಎಲೆಗಳನ್ನು ಬಿಡಿಸಿ ಗ್ರೇಡ್ ಮಾಡುತ್ತಿದ್ದರು. ಬಣ್ಣ ಸರಿಯಾಗಿ ಕಾಣಲೆಂದು ಕಿಟಕಿ ಉತ್ತರಕ್ಕೆ ಇರುತ್ತದೆ. ಬಿಳಿ ಬರ್ಲಿ ಎಂಬ ತಳಿ ಕಂಡದ್ದು 1864ರಲ್ಲಿ, ಕೆಂಟಕಿಯ ಬ್ರ್ಯಾಕನ್ ಕೌಂಟಿಯಿಂದ ಬೀಜ ತಂದಿದ್ದ ಒಹಾಯೋದ ಹೊಲವೊಂದರಲ್ಲಿ. ಹಾಗಾಗಿ ನಿಮ್ಮ ಬ್ಯಾರನ್ ಮನೆಗಿಂತ ಬಹಳ ಈಚಿನದು.

ಕೆಡವಬಹುದೇ ಎಂದು ಕೇಳಿದ್ದೀರಿ. 1930ರ ದಶಕದಿಂದ ಇಲ್ಲಿ ಯಾವ ಜಮೀನು ಎಷ್ಟು ಸೊಪ್ಪು ಬೆಳೆಯಬಹುದೆಂಬ ಕೋಟಾ ಇತ್ತು. ಅದು ನೆಲಕ್ಕೇ ಅಂಟಿಕೊಂಡದ್ದರಿಂದ ಹತ್ತಿಪ್ಪತ್ತು ಎಕರೆಯವರಿಗೂ ವರ್ಷಕ್ಕೊಮ್ಮೆ ನಂಬಿಕೆಯ ಹಣ ಬರುತ್ತಿತ್ತು. 2004ರ ಕಾನೂನು ಕೋಟಾ ರದ್ದುಮಾಡಿ ಹತ್ತು ವರ್ಷಗಳ ಕಂತಿನಲ್ಲಿ ಪರಿಹಾರ ಕೊಟ್ಟಿತು. ಸಣ್ಣ ಬೆಳೆಗಾರರು ಬಿಟ್ಟರು, ಬ್ಯಾರನ್‌ಗಳು ಖಾಲಿಯಾದವು. ನಿಮ್ಮದು ವಾಲಿರುವುದು ವಯಸ್ಸಿನಿಂದಲ್ಲ, ಕಂಬದ ಬುಡಕ್ಕೆ ನೀರು ನಿಂತಿರುವುದರಿಂದ ಇರಬೇಕು. ಮೊದಲು ಮಾಡು ಸೋರದಂತೆ ತಗಡು ಸರಿಮಾಡಿಸಿ, ನೀರು ಹರಿಯಲು ಕಾಲುವೆ ತೋಡಿ, ಆಮೇಲೆ ಸರಪಳಿ ಹಾಕಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆದು ನೆಟ್ಟಗೆ ಮಾಡುವವರು ಈಗಲೂ ಸಿಗುತ್ತಾರೆ. ಬ್ಯಾರನ್ ಹಲಗೆಗಳಿಗೆ ಹೋಟೆಲಿನವರು ಒಳ್ಳೆಯ ಬೆಲೆ ಕೊಡುತ್ತಾರೆಂದು ಯಾರಾದರೂ ಬಂದರೆ ಚಹಾ ಕೊಟ್ಟು ಕಳಿಸಿ.

ಸಾಲ್ಟ್‌ನದಿ ದಂಡೆ ಬರೆದಿದ್ದಾರೆ

ಮೂವರಿಗೂ ಕೃತಜ್ಞತೆಗಳು. ನಿನ್ನೆ ದೀಪ ಹಿಡಿದು ಎಲ್ಲವನ್ನೂ ನೋಡಿದೆ. ಹಲಗೆಯ ಮೊಳೆಗಳು ಎರಡು ಮಗ್ಗುಲಲ್ಲಿ ಕಿರಿದಾಗುವಂಥವು; ಒಳಬಾಗಿಲಿನ ತಿರುಗಣೆಗೆ ಮಾತ್ರ ಕಮ್ಮಾರ ಬಡಿದ ಮೊಳೆಗಳಿವೆ. ಬ್ಯಾರನ್‌ನ ಎಲೆ ಬಿಡಿಸುವ ಕೋಣೆಯ ಕಿಟಕಿ ಉತ್ತರಕ್ಕೇ ಇದೆ, ಬಾಗಿಲ ಹಿಂದೆ ಸೀಸದಕಡ್ಡಿಯಲ್ಲಿ ತೂಕದ ಲೆಕ್ಕಗಳನ್ನು ಗೀಚಿದ್ದಾರೆ, ಕೊನೆಯ ಸಾಲಿನ ವರ್ಷ 2003. ಬ್ಯಾರನ್ ಕೆಡವುವುದಿಲ್ಲ.

ದಾಖಲೆಕೋಣೆಯವರ ಪ್ರಶ್ನೆಗೆ: ಹೌದು, ಆ ಕಲ್ಲಿನ ಕಟ್ಟಡದ ಒಂದು ತುದಿಗೆ ಚಿಮಣಿ ಇದೆ. ಒಳಗಡೆ ಅಗ್ಗಿಷ್ಟಿಕೆಯ ಬಾಯನ್ನು ಯಾರೋ ಇಟ್ಟಿಗೆಯಿಂದ ಮುಚ್ಚಿದ್ದಾರೆ. ಒಂದು ಸಣ್ಣ ಕಿಟಕಿಯೂ ಇದೆ. ಅದರಿಂದೇನು?

ದಾಖಲೆಕೋಣೆ ಬರೆದಿದ್ದಾರೆ

ಹೊಗೆ ಒಳಗೇ ನಿಲ್ಲಬೇಕಾದ ಕೋಣೆಗೆ ಯಾರೂ ಚಿಮಣಿ ಕಟ್ಟುವುದಿಲ್ಲ. ಮಾಂಸದ ಕೋಣೆಗೆ ಕಿಟಕಿ ಇರುವುದಿಲ್ಲ, ನೆಲದ ನಡುವೆ ಬೆಂಕಿಯ ಗುಳಿ ಇರುತ್ತದೆ, ತೊಲೆಗಳು ಮಸಿಯಿಂದ ಕಪ್ಪಾಗಿರುತ್ತವೆ, ಉಪ್ಪು ಹೀರಿದ ಮರ ನಾರು ನಾರಾಗಿ ಎದ್ದಿರುತ್ತದೆ. ಅಗ್ಗಿಷ್ಟಿಕೆ ಮತ್ತು ಕಿಟಕಿ ಇರುವ, ದೊಡ್ಡ ಮನೆಯ ಹಿಂಬಾಗಿಲಿನಿಂದ ಕೂಗಳತೆಯ ಕಟ್ಟಡವೆಂದರೆ ಅದು ಪ್ರತ್ಯೇಕ ಅಡುಗೆಮನೆಯಾಗಿರಬೇಕು, ಅಥವಾ ಗುಲಾಮರು ವಾಸವಿದ್ದ ಮನೆಯಾಗಿರಬೇಕು. ಎಷ್ಟೋ ಸಲ ಎರಡೂ. ಇಲ್ಲಿನ ಮಾರಾಟದ ಕಾಗದಗಳಲ್ಲಿ ಅಂಥ ಕಟ್ಟಡಗಳು ಮಾಂಸದ ಕೋಣೆ, ಉಗ್ರಾಣ, ತೋಟಗಾರನ ಕೊಠಡಿ ಎಂಬ ಹೆಸರುಗಳಲ್ಲಿ ಬದುಕಿಕೊಂಡಿವೆ.

ಪರಿಶೀಲಿಸುವ ದಾರಿ ಹೇಳುತ್ತೇನೆ. ಹ್ಯಾರಡ್ಸ್‌ಬರ್ಗ್‌ನ ಕೌಂಟಿ ಗುಮಾಸ್ತರ ಕಚೇರಿಯಲ್ಲಿ ಕ್ರಯಪತ್ರಗಳ ಪುಸ್ತಕಗಳಿವೆ. ನಿಮ್ಮ ಹೆಸರಿನಿಂದ ಆರಂಭಿಸಿ, ನಿಮಗೆ ಮಾರಿದವರು, ಅವರಿಗೆ ಮಾರಿದವರು ಎಂದು ಹಿಂದಕ್ಕೆ ಹೋಗಿ. ಹಳೆಯ ಪತ್ರಗಳಲ್ಲಿ ಸರ್ವೆ ನಂಬರ್ ಸಿಗುವುದಿಲ್ಲ. ಬಿಳಿ ಓಕ್ ಮರದಿಂದ ಇಂತಿಷ್ಟು ಕೋಲು ದಕ್ಷಿಣಕ್ಕೆ, ಅಲ್ಲಿಂದ ಹಳ್ಳದ ಮಗ್ಗುಲ ಮೇಪಲ್ ಮರಕ್ಕೆ ಎಂದು ಗಡಿ ಬರೆದಿರುತ್ತಾರೆ. ಒಂದು ಕೋಲು ಹದಿನಾರೂವರೆ ಅಡಿ. 1779ರ ವರ್ಜೀನಿಯಾ ಕಾನೂನಿನಂತೆ, 1778ಕ್ಕೆ ಮೊದಲೇ ಬಂದು ನೆಲೆಸಿದವರಿಗೆ 400 ಎಕರೆ ಹಕ್ಕಿನಿಂದಲೂ, ಅದಕ್ಕೆ ಹೊಂದಿಕೊಂಡ 1,000 ಎಕರೆ ಕೊಳ್ಳುವ ಮೊದಲ ಅವಕಾಶದಿಂದಲೂ ಸಿಗುತ್ತಿತ್ತು. ಒಂದರ ಮೇಲೊಂದು ಬಿದ್ದ ಆ ಹಕ್ಕುಪತ್ರಗಳ ವ್ಯಾಜ್ಯಗಳಿಂದ ವಕೀಲರು ಬದುಕಿದರು, ಬಡ ಒಕ್ಕಲುಗಳು ನೆಲ ಕಳೆದುಕೊಂಡರು. ಆ ವ್ಯಾಜ್ಯಗಳ ಹೇಳಿಕೆಗಳಲ್ಲಿ ಯಾವ ಚಿಲುಮೆಯ ಬಳಿ ಯಾರ ಮನೆ ಇತ್ತೆಂಬುದೂ ಸಿಗುವುದುಂಟು.

ಮಾಲೀಕರ ಹೆಸರು ಸಿಕ್ಕಿದ ಮೇಲೆ 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯನ್ನು ತೆರೆಯಿರಿ. ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ. ಆ ಮನುಷ್ಯರ ಹೆಸರಿಲ್ಲ. ಆದರೆ 1860ರ ಪಟ್ಟಿಯಲ್ಲಿ ಗುಲಾಮರ ಮನೆಗಳ ಸಂಖ್ಯೆಗೆಂದೇ ಒಂದು ಅಂಕಣವಿದೆ. ನಿಮಗೆ ಬೇಕಾದದ್ದು ಆ ಅಂಕಣ. ಹೆಸರುಗಳು ಬೇಕೆಂದರೆ ಮಾಲೀಕ ಸತ್ತಾಗ ಆಸ್ತಿಯನ್ನು ಲೆಕ್ಕ ಹಾಕಿದ ಪಟ್ಟಿಯನ್ನು ಉಯಿಲುಗಳ ಪುಸ್ತಕದಲ್ಲಿ ಹುಡುಕಬೇಕು. ಅಲ್ಲಿ ಹಸು, ನೇಗಿಲು, ಗಡಿಯಾರಗಳ ನಡುವೆ ಮನುಷ್ಯರ ಹೆಸರುಗಳೂ ಎದುರಿಗೆ ಬೆಲೆಯೂ ಇರುತ್ತವೆ. ಮೊದಲ ಸಲ ಓದುವಾಗ ಜೊತೆಗೆ ಯಾರಾದರೂ ಇರಲಿ.

ಭಾನುವಾರದ ಪ್ರವಾಸಿ ಬರೆದಿದ್ದಾರೆ

ಕ್ಷಮಿಸಿ, ಮೇಡಂ. ಅವರು ಕೇಳಿದ್ದು ಮೊಳೆ, ಗಾರೆ, ಬ್ಯಾರನ್ ವಿಷಯ. ಒಂದು ಚೆಂದದ ಮನೆಯ ಚರ್ಚೆಗೆ ಗುಲಾಮಗಿರಿಯ ಇತಿಹಾಸವನ್ನು ಎಳೆದು ತರುವ ಅಗತ್ಯವೇನು? ಇಲ್ಲಿ ಮಿಸಿಸಿಪಿಯಂತೆ ದೊಡ್ಡ ಹತ್ತಿ ತೋಟಗಳಿರಲಿಲ್ಲವಲ್ಲ.

ದಾಖಲೆಕೋಣೆ ಬರೆದಿದ್ದಾರೆ

ಎಳೆದು ತರಬೇಕಾಗಿಲ್ಲ ಸರ್, ಮನೆಯೊಳಗೇ ಇದೆ. ಹತ್ತಿಯ ತೋಟಗಳಿರಲಿಲ್ಲ, ನಿಜ; ಆದರೆ ಆ ತೋಟಗಳ ಹತ್ತಿ ಮೂಟೆಗಳನ್ನು ಸುತ್ತುವ ಬಟ್ಟೆಗೂ ಕಟ್ಟುವ ಹಗ್ಗಕ್ಕೂ ಬೇಕಾದ ಹೆಂಪ್ ನಾರು ಬೆಳೆದದ್ದು ಬ್ಲೂಗ್ರಾಸ್ ಸೀಮೆಯ ಈ ಜಮೀನುಗಳಲ್ಲಿಯೇ. ಚಳಿಗಾಲದ ಹೊಲದಲ್ಲಿ ನಿಂತು, ಕೊಳೆಸಿ ಒಣಗಿಸಿದ ಕಾಂಡಗಳನ್ನು ಮರದ ಮುರಿಗೆಯಲ್ಲಿ ಕುಟ್ಟಿ ನಾರು ಬಿಡಿಸುವ ಕೆಲಸವನ್ನು ಮಾಡಿದವರು ಬಹುಪಾಲು ಗುಲಾಮರು. 1860ರಲ್ಲಿ ಕೆಂಟಕಿಯ 11,55,684 ಜನರಲ್ಲಿ 2,25,483 ಮಂದಿ ಗುಲಾಮರಾಗಿದ್ದರು. ತಮ್ಮಲ್ಲೊಬ್ಬನಾಗಿದ್ದ ಜೋನಸ್ ಕ್ರಚರ್ ಎಂಬಾತ ದಕ್ಷಿಣಕ್ಕೆ ಮಾರಾಟವಾಗದಿರಲೆಂದು ಶೇಕರರೇ 1859ರಲ್ಲಿ ಅವನನ್ನು ಕೊಳ್ಳಬೇಕಾಯಿತು. ನೀವು ಎರಡು ಸಲ ನೋಡಿ ಬಂದ ಊರಿನ ಕಥೆಯೇ ಇದು. ಇನ್ನು ಗಾರೆ ಮತ್ತು ಕಲ್ಲು ಅವರು ಹೇಳಿದ ಇಟ್ಟಿಗೆಯ ಗೂಡಿಗೆ ಮಣ್ಣು ತುಳಿದವರು ಯಾರೆಂದು ಕೇಳದೆ ಮನೆಯ ವಯಸ್ಸನ್ನು ಮಾತ್ರ ಕೇಳುವುದು ನನಗೆ ಸಾಧ್ಯವಿಲ್ಲ.

ಗಾರೆ ಮತ್ತು ಕಲ್ಲು ಬರೆದಿದ್ದಾರೆ

ದಾಖಲೆಕೋಣೆಯವರ ಮಾತು ಕಲ್ಲಿನ ಬೇಲಿಗಳಿಗೂ ಸಲ್ಲುತ್ತದೆ. ಹೊಲದಲ್ಲಿ ಪದರ ಪದರವಾಗಿ ಏಳುವ ಸುಣ್ಣಗಲ್ಲನ್ನು ಗಾರೆಯಿಲ್ಲದೆ ಜೋಡಿಸಿ, ಬುಡ ಅಗಲ ತುದಿ ಕಿರಿದು ಮಾಡಿ, ಮೇಲೆ ಚಪ್ಪಡಿಗಳನ್ನು ಪುಸ್ತಕ ನಿಲ್ಲಿಸಿದಂತೆ ಓರೆಯಾಗಿ ನಿಲ್ಲಿಸಿದ ಬೇಲಿಗಳನ್ನು ಇಲ್ಲಿ ಜನ ಬಹಳ ಕಾಲ ‘ಗುಲಾಮರ ಗೋಡೆ’ ಎಂದೇ ಕರೆದರು. ಈ ಕಸಬನ್ನು ತಂದವರಲ್ಲಿ ಐರಿಷ್ ಕಲ್ಲುಕುಟಿಗರು ಪ್ರಮುಖರು, ಅವರ ಜೊತೆ ಕಲಿತು ಕಟ್ಟಿದವರು ಗುಲಾಮರು. ಬಿಡುಗಡೆಯ ನಂತರ ಅದೇ ಕಸಬಿನಿಂದ ಬದುಕಿದ ಕಪ್ಪು ಮೇಸ್ತ್ರಿಗಳ ಕುಟುಂಬಗಳೂ ಇದ್ದವು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2006ರಲ್ಲಿ ಇಡೀ ಬ್ಲೂಗ್ರಾಸ್ ಭೂದೃಶ್ಯವನ್ನೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದ್ದು ಮನೆಗಳೊಡನೆ ಬೇಲಿ, ಬ್ಯಾರನ್, ಹುಲ್ಲುಗಾವಲು ಎಲ್ಲವನ್ನೂ ಎಣಿಸಿಯೇ.

ಮನೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣಗಳ ದಾಖಲೆಗೆ ಸೇರಿಸುವ ಯೋಚನೆಯಿದ್ದರೆ ಎರಡು ವಿಷಯ ನೆನಪಿಡಿ. ಆ ದಾಖಲೆಗೆ ಸೇರಿದ ಮಾತ್ರಕ್ಕೆ ಖಾಸಗಿ ಮಾಲೀಕರು ಸ್ವಂತ ಹಣದಿಂದ ಕೆಡವುವುದನ್ನು ಯಾರೂ ತಡೆಯಲಾರರು. ಅದು ಗೌರವವೇ ಹೊರತು ಕಾವಲಲ್ಲ. ಒಕ್ಕೂಟ ಸರ್ಕಾರದ ಶೇಕಡಾ 20ರ ತೆರಿಗೆ ರಿಯಾಯಿತಿ ಆದಾಯ ತರುವ ಕಟ್ಟಡಗಳಿಗೆ ಮಾತ್ರ. ವಾಸದ ಮನೆಗೆ ರಾಜ್ಯದ ರಿಯಾಯಿತಿ ಪ್ರತ್ಯೇಕವಾಗಿದೆ, ಕೆಲಸಕ್ಕೆ ಕೈಹಾಕುವ ಮೊದಲೇ ಕೆಂಟಕಿ ಹೆರಿಟೇಜ್ ಕೌನ್ಸಿಲ್‌ಗೆ ಅರ್ಜಿ ಕೊಡಬೇಕು. ಎರಡನೆಯದು, ಅರ್ಜಿಯಲ್ಲಿ ಗಡಿ ಬರೆಯುವಾಗ ಮನೆಯ ಸುತ್ತಲಿನ ಅರ್ಧ ಎಕರೆಯನ್ನಷ್ಟೇ ಬರೆಯಬೇಡಿ. ಹಳೆಯ ಅರ್ಜಿಗಳು ಹಾಗೆ ಮಾಡಿದ್ದರಿಂದಲೇ ಎಷ್ಟೋ ಜಮೀನುಗಳಲ್ಲಿ ಬಿಳಿ ಕಂಬಗಳ ಮನೆಯೊಂದು ಉಳಿದು, ಅದನ್ನು ಸಾಕಿದ ಕಟ್ಟಡಗಳೆಲ್ಲ ಸದ್ದಿಲ್ಲದೆ ಹೋದವು.

ಸಾಲ್ಟ್‌ನದಿ ದಂಡೆ ಬರೆದಿದ್ದಾರೆ

ಐದು ವಾರಗಳ ಬಳಿಕ ಬರೆಯುತ್ತಿದ್ದೇನೆ. ನಾವಿಬ್ಬರೂ ಮೂರು ಶುಕ್ರವಾರ ರಜೆ ಹಾಕಿ ಗುಮಾಸ್ತರ ಕಚೇರಿಯಲ್ಲಿ ಕುಳಿತೆವು. ಕ್ರಯಪತ್ರಗಳು 1811ರವರೆಗೆ ಹಿಂದಕ್ಕೆ ಹೋದವು. ಅಲ್ಲಿಂದಾಚೆಗೆ ಗಡಿಯ ಮರಗಳು ಹೊಂದುತ್ತಿಲ್ಲ. 1860ರ ಪಟ್ಟಿಯಲ್ಲಿ ಅಂದಿನ ಮಾಲೀಕರ ಹೆಸರಿನ ಕೆಳಗೆ ಒಂಬತ್ತು ಸಾಲುಗಳಿವೆ, ಅತಿ ಹಿರಿಯ ಹೆಂಗಸಿಗೆ ಅರವತ್ತು ವರ್ಷ, ಅತಿ ಕಿರಿಯ ಮಗುವಿಗೆ ನಾಲ್ಕು ತಿಂಗಳು. ಮನೆಗಳ ಅಂಕಣದಲ್ಲಿ ಬರೆದಿರುವುದು 2. ಉಯಿಲಿನ ಪುಸ್ತಕದಲ್ಲಿ ಹೆಸರುಗಳೂ ಸಿಕ್ಕಿದವು. ಅವರ ವಂಶದವರು ಈ ಸುತ್ತಿನಲ್ಲೇ ಇರಬಹುದಾದ್ದರಿಂದ ಇಲ್ಲಿ ಹಾಕುತ್ತಿಲ್ಲ, ದಾಖಲೆಕೋಣೆಯವರಿಗೆ ಕಳಿಸಿದ್ದೇನೆ.

ಒಂದು ಮನೆ ಯಾವುದೆಂದು ಈಗ ಗೊತ್ತಾಗಿದೆ. ಎರಡನೆಯದು ಎಲ್ಲಿತ್ತೆಂದು ನನ್ನ ಪತ್ನಿ ಹೇಳಿದರು: ಆ ಕಟ್ಟಡದಿಂದ ಮೂವತ್ತು ಹೆಜ್ಜೆ ಕೆಳಗೆ, ನಾವು ಯಾರೂ ನೆಡದಿದ್ದರೂ ಪ್ರತಿ ಮಾರ್ಚ್‌ನಲ್ಲಿ ಹಳದಿ ಡ್ಯಾಫೊಡಿಲ್ ಹೂಗಳು ನೇರ ಗೆರೆಯಲ್ಲಿ ಏಳುವ ಜಾಗ. ಬಗ್ಗಿ ಹುಲ್ಲು ಸರಿಸಿದಾಗ ನೆಲಮಟ್ಟದಲ್ಲಿ ಚಪ್ಪಟೆ ಕಲ್ಲುಗಳ ಸಾಲು ಕಾಣಿಸಿತು. ಅಗೆಯಲಿಲ್ಲ, ತಿಳಿದವರು ಬಂದು ನೋಡುವವರೆಗೆ ಅಲ್ಲಿ ನೇಗಿಲೂ ಗುದ್ದಲಿಯೂ ಇಳಿಯುವುದಿಲ್ಲ.

ಹುಲ್ಲು ಕತ್ತರಿಸುವ ಯಂತ್ರವನ್ನು ಬ್ಯಾರನ್‌ಗೆ ಸಾಗಿಸಿ, ಕಲ್ಲಿನ ಮನೆಯನ್ನು ಗುಡಿಸಿದೆವು. ಮುಚ್ಚಿದ್ದ ಅಗ್ಗಿಷ್ಟಿಕೆಯ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ ಎಣಿಸಿ ಇಟ್ಟಿದ್ದೇನೆ. ಒಳಗೆ ಪಾತ್ರೆ ತೂಗುಹಾಕುವ ಕಬ್ಬಿಣದ ತೋಳು ಇನ್ನೂ ಗೋಡೆಯಲ್ಲೇ ಇದೆ, ತುಕ್ಕು ಹಿಡಿದಿದ್ದರೂ ಕೈಯಿಂದ ತಳ್ಳಿದರೆ ತಿರುಗುತ್ತದೆ. ಅದರ ಮುಂದಿನ ಹಾಸುಗಲ್ಲು ಒಬ್ಬರು ನಿಲ್ಲುವಷ್ಟು ಜಾಗದಲ್ಲಿ ಮಾತ್ರ ಸವೆದು ತಗ್ಗಾಗಿದೆ.